ಬತ್ತಿದ ಹಳ್ಳಕ್ಕೆ ಏನ್ ಮಾಡ್ಸೋದು: ಚೆಕ್ ಡ್ಯಾಮಾ, ಕಲ್ಲಿನ ತಡೆನಾ, ಜೆಸಿಬಿನಾ, ಗಿಡನಾ?

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಕಡೆ ಹಳ್ಳದ ಪಕ್ಕ ಜಮೀನಿರೋರು ಸಿಕ್ಕಾಗೆಲ್ಲ ಕೇಳೋದು ಒಂದೇ ಮಾತು. ಅಣ್ಣ, ಹಳ್ಳ ಪೂರಾ ಹಾಳಾಗೈತೆ, ಮಳೆ ಬಂದ್ರೆ ಎರಡು ತಾಸು ಕೆಂಪು ನೀರು ಧುಮುಧುಮು ಅಂತ ಹೋಗುತ್ತೆ, ಮಾರನೇ ದಿನ ಹೋದ್ರೆ ಕಾಲು ಸುಡೋ ಕಲ್ಲು, ಬೋರ್ ಬೇರೆ ಬತ್ತೈತೆ, ದಡ ವರ್ಷಾ ವರ್ಷ ಕುಸೀತಾ ಐತೆ, ಏನಾದ್ರೂ ಮಾಡ್ಸಬೇಕು, ಏನ್ ಮಾಡ್ಸೋಣ? ಒಬ್ಬರು ಚೆಕ್ ಡ್ಯಾಮ್ ಅಂತಾರೆ, ಇನ್ನೊಬ್ಬರು ಜೆಸಿಬಿ ತಂದು ಹೂಳು ತೆಗೆಸಿಬಿಡು ಅಂತಾರೆ, ಮಗ ಮೊಬೈಲಲ್ಲಿ ನೋಡಿ ಗಿಡ ನೆಡೋಣ ಅಂತಾನೆ, ಪಂಚಾಯ್ತಿಯಲ್ಲಿ ಕೇಳಿದ್ರೆ ಕಲ್ಲು ಕಟ್ಟೋ ಕೆಲಸಕ್ಕೆ ದುಡ್ಡು ಐತೆ ಅಂತಾರೆ. ಎಲ್ಲಾನೂ ಒಂದೊಂದು ಕಡೆ ಸರಿ, ಎಲ್ಲಾನೂ ಒಂದೊಂದು ಕಡೆ ತಪ್ಪು. ನಮ್ಮೂರ ಹಳ್ಳದಲ್ಲಿ ಹತ್ತು ವರ್ಷದಿಂದ ಇದರ ಹಿಂದೆ ಬಿದ್ದು ಕೆಲವು ಸರಿ ಮಾಡಿದ್ದೀವಿ, ಕೆಲವು ಕೆಡಿಸಿಕೊಂಡಿದ್ದೀವಿ, ಅದನ್ನೆಲ್ಲ ಇಟ್ಟುಕೊಂಡು ಒಂದೊಂದಾಗಿ ತೂಗಿ ಹೇಳ್ತೀನಿ.

ಮೊದಲು ಏನೇನು ನೋಡಬೇಕು

ಯಾವುದು ಒಳ್ಳೇದು ಅಂತ ಕೇಳೋಕೆ ಮುಂಚೆ ನಿಮ್ಮ ಹಳ್ಳ ಏನು ಕಳಕೊಂಡೈತೆ ಅಂತ ನೋಡ್ರಿ. ನಮ್ಮಜ್ಜಿ ಕಾಲದಲ್ಲಿ ನಮ್ಮ ಹಳ್ಳದಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ಮರಳು ತೋಡಿದ್ರೆ ಒರತೆ ಬರ್ತಿತ್ತಂತೆ, ಅದನ್ನ ಚಿಲುಮೆ ಅಂತಿದ್ರು, ಅಜ್ಜಿ ಕೂತ್ಕೊಂಡು ತೆಂಗಿನ ಚಿಪ್ಪಲ್ಲಿ ಎತ್ತಿ ಎತ್ತಿ ಬಿಂದಿಗೆ ತುಂಬಿಸ್ತಿದ್ಲು, ಮೊದಲ ನಾಲ್ಕು ಚಿಪ್ಪು ಕೆಂಪಗೆ ಬಂದು ಆಮೇಲೆ ತಿಳಿ ಆಗ್ತಿತ್ತು ಅಂತ ಹೇಳ್ತಿದ್ಲು. ಈಗ ಅದೇ ಜಾಗದಲ್ಲಿ ಮರಳೇ ಇಲ್ಲ, ಗಟ್ಟಿ ಗೊಚ್ಚು ಮಣ್ಣು ಕಾಣುತ್ತೆ. ನಾವು ಕೆಲಸ ಶುರು ಮಾಡಿದಾಗ ದಡದಲ್ಲಿರೋ ಹಳೇ ಹೊಂಗೆ ಮರದ ಬೇರು ಆಳೆತ್ತರದಲ್ಲಿ ಗಾಳಿಗೆ ಜೋತಾಡ್ತಾ ಇತ್ತು, ಅಂದ್ರೆ ಆ ಮರ ಹುಟ್ಟಿದಾಗ ಹಳ್ಳದ ತಳ ಅಲ್ಲೇ ಮೇಲೆ ಇತ್ತು, ಆಮೇಲೆ ಐದಾರು ಅಡಿ ಕೆಳಗೆ ಕೊರೆದುಕೊಂಡು ಹೋಗಿತ್ತು. ಇಂಥ ಒಂದು ಮರ ನಿಮ್ಮ ಹಳ್ಳದಲ್ಲೂ ಇದ್ದೇ ಇರುತ್ತೆ, ಇಂಜಿನಿಯರ್ ಬೇಕಾಗಿಲ್ಲ, ಅದರ ಬೇರು ನೋಡಿದ್ರೆ ಸಾಕು.

ಹಳ್ಳ ಕೊರೆದರೆ ಏನಾಗುತ್ತೆ ಅಂತ ಅರ್ಥ ಮಾಡ್ಕೊಂಡ್ರೆ ಮುಂದಿನದೆಲ್ಲ ಸುಲಭ. ತಳ ಕೆಳಗೆ ಹೋದಂಗೆ ಅಕ್ಕಪಕ್ಕದ ಹೊಲದ ನೆಲದೊಳಗಿನ ನೀರೂ ಅದರ ಜೊತೆ ಕೆಳಗೆ ಬಸಿದು ಹೋಗುತ್ತೆ, ಮೊದಲು ಮಳೆ ಜಾಸ್ತಿ ಆದಾಗ ನೀರು ದಡ ಹತ್ತಿ ಹರಡಿ ಇಂಗ್ತಿತ್ತು, ಈಗ ಆಳವಾದ ಕಾಲುವೆ ಒಳಗೇ ಒತ್ತಿಕೊಂಡು ಓಡುತ್ತೆ, ಓಡಿದಷ್ಟೂ ಇನ್ನೂ ಕೊರೆಯುತ್ತೆ. ಕೊರಕಲು ಕೆಳಗಿಂದ ಮೇಲಕ್ಕೆ ಹತ್ತುತ್ತೆ, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಇವತ್ತು ಕೆಳಗಿನ ಹೊಲದ ಹತ್ರ ಇರೋ ಮೂರಡಿ ಧುಮುಕು ನಾಲ್ಕು ಮಳೆಗಾಲ ಕಳೆದ್ರೆ ನಿಮ್ಮ ಬದುವಿಗೆ ಬಂದಿರುತ್ತೆ.

ಹಂಗಾಗಿ ನಾನು ಇಷ್ಟು ವಿಷಯ ತೂಗಿ ನೋಡ್ತೀನಿ. ನೀವಿರೋದು ಹಳ್ಳದ ತಲೆಯಲ್ಲಾ, ಅಂದ್ರೆ ಗುಡ್ಡದ ಬುಡದಲ್ಲಿ ಸಣ್ಣ ಸರುವು (ಮಳೆನೀರು ಹರಿಯೋ ಸಣ್ಣ ತೊರೆ) ಹುಟ್ಟೋ ಕಡೆನಾ, ನಡುವಲ್ಲಾ, ಇಲ್ಲಾ ಅಗಲ ಆಗಿ ಕೆರೆಗೋ ಹೊಳೆಗೋ ಸೇರೋ ಕಡೆನಾ. ತಳ ಕೊರೆದೈತಾ, ದಡ ಕುಸಿದೈತಾ, ಮರಳು ಖಾಲಿ ಆಗೈತಾ. ನಿಮಗೆ ಬೇಕಿರೋದು ಬೋರಿಗೆ ನೀರಾ, ಜಮೀನು ಉಳಿಸೋದಾ, ಇಲ್ಲಾ ಹಳ್ಳ ಹಳ್ಳವಾಗಿ ಹಕ್ಕಿ ಪಕ್ಷಿ ನೆರಳು ಹುಲ್ಲು ಎಲ್ಲ ವಾಪಸ್ ಬರಬೇಕಾ. ಕೈಯಲ್ಲಿ ದುಡ್ಡೆಷ್ಟು, ಅದಕ್ಕಿಂತ ಮುಖ್ಯ ಮೂರು ವರ್ಷ ಆದಮೇಲೆ ಅದನ್ನ ನೋಡಿಕೊಳ್ಳೋರು ಯಾರು. ಕೊನೇದು ಜಾಗ ಯಾರದು. ಪಹಣಿ ತೆಗೆಸಿ ನೋಡ್ರಿ, ಬಿ ಖರಾಬು ಅಂತ ಇದ್ರೆ ಅದು ಸಾರ್ವಜನಿಕರಿಗೆ ಬಿಟ್ಟ ಸರ್ಕಾರಿ ಜಾಗ, ನಿಮ್ಮ ಹೊಲದ ನಡುವೆ ಹರಿದ್ರೂ ನಿಮ್ಮದಲ್ಲ, ಪಂಚಾಯ್ತಿಗೆ ಅರ್ಜಿ ಕೊಟ್ಟು ಒಪ್ಪಿಗೆ ತಗೊಳ್ದೆ ಏನೂ ಕಟ್ಟಬೇಡಿ, ಆಮೇಲೆ ಕೆಳಗಿನ ಹೊಲದೋರು ತಕರಾರು ತೆಗೆದ್ರೆ ಅವರ ಕಡೆಗೇ ನ್ಯಾಯ ಇರುತ್ತೆ.

ನಮ್ಮ ಸೀಮೆ ಮಳೆ ಲೆಕ್ಕಾನೂ ತಲೆಯಲ್ಲಿರಲಿ. ಚಳ್ಳಕೆರೆ ಕಡೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ಜಾಗ, ಬೀಳೋದೂ ಹೆಚ್ಚು ಪಾಲು ಉತ್ತರೆ, ಹಸ್ತ, ಚಿತ್ತೆಯಲ್ಲಿ ನಾಲ್ಕಾರು ಜೋರು ಮಳೆಯಾಗಿ. ಹಿರಿಯೂರು ಹತ್ರದ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದ ಡ್ಯಾಮು, 1933ರಲ್ಲಿ ಕೋಡಿ ಬಿದ್ದಿದ್ದು ಆಮೇಲೆ ಬಿದ್ದಿದ್ದು 2022ರಲ್ಲಿ, ನಡುವೆ 89 ವರ್ಷ. ಅದಾಗಿ ಎರಡೂವರೆ ವರ್ಷದೊಳಗೆ 2025ರ ಜನವರಿಯಲ್ಲಿ ಮತ್ತೆ ಕೋಡಿ. ಅಂದ್ರೆ ನೀವು ಏನೇ ಮಾಡಿಸಿದ್ರೂ ಅದು ಹತ್ತು ವರ್ಷ ಒಣಗಿಕೊಂಡೂ ಇರಬೇಕು, ಒಂದು ದಿನ ಬರೋ ದೊಡ್ಡ ನೀರನ್ನೂ ತಡೀಬೇಕು. ಒಂದನ್ನೇ ಲೆಕ್ಕ ಹಾಕಿದೋರ ಕೆಲಸ ಇನ್ನೊಂದರಲ್ಲಿ ಹೋಗುತ್ತೆ.

ಸಡಿಲ ಕಲ್ಲಿನ ತಡೆ

ನನ್ನ ಕೇಳಿದ್ರೆ ಹತ್ತರಲ್ಲಿ ಏಳು ಜನಕ್ಕೆ ಇದೇ ಸರಿ, ಆದ್ರೆ ಹತ್ತರಲ್ಲಿ ಏಳು ಜನ ಇದನ್ನ ತಪ್ಪಾಗಿ ಕಟ್ತಾರೆ. ಅದಕ್ಕೆ ಇದರ ಬಗ್ಗೆ ಜಾಸ್ತಿ ಹೇಳ್ತೀನಿ.

ಸಿಮೆಂಟಿಲ್ಲ, ಕಂಬಿಯಿಲ್ಲ, ಸರುವಿಗೆ ಅಡ್ಡ ಕಲ್ಲು ಜೋಡಿಸೋದು ಅಷ್ಟೇ. ನೀರನ್ನ ನಿಲ್ಲಿಸೋಕೆ ಅಲ್ಲ ಇದು, ನಿಧಾನ ಮಾಡೋಕೆ. ನಿಧಾನ ಆದ ನೀರು ಹೊತ್ಕೊಂಡು ಬಂದಿದ್ದ ಮಣ್ಣು ಮರಳನ್ನ ಕಲ್ಲಿನ ಹಿಂದೆ ಬಿಡುತ್ತೆ, ಆ ಮಣ್ಣಲ್ಲಿ ಹುಲ್ಲು ಹುಟ್ಟುತ್ತೆ, ಹುಲ್ಲು ಇನ್ನೂ ಮಣ್ಣು ಹಿಡಿಯುತ್ತೆ, ಹಂಗೇ ತಳ ಮೇಲಕ್ಕೆ ಏಳುತ್ತೆ. ಅಮೆರಿಕದ ನ್ಯೂ ಮೆಕ್ಸಿಕೋ ಒಣ ಸೀಮೆಯಲ್ಲಿ ಬಿಲ್ ಝೀಡಿಕ್ ಅನ್ನೋರು ಇದನ್ನ ಇನ್ನೂ ಸರಳ ಮಾಡಿದ್ರು, ಒಂದೇ ಕಲ್ಲಿನ ಎತ್ತರ, ಅದಕ್ಕಿಂತ ಮೇಲೆ ಇಡೋದೇ ಇಲ್ಲ, ಅಡ್ಡಕ್ಕೆ ನಾಲ್ಕೈದು ಸಾಲು ಒತ್ತೊತ್ತಾಗಿ ಹಾಸೋದು, ಅದು ಮಣ್ಣು ತುಂಬಿ ಹುಲ್ಲು ಬಂದಮೇಲೆ ಬೇಕಾದ್ರೆ ಮೇಲೆ ಇನ್ನೊಂದು ಹಾಸು. ಅರಿಜೋನದ ಚಿರಿಕಾವ ಬೆಟ್ಟದ ತೊರೆಗಳಲ್ಲಿ ಇಂಥ ಕಲ್ಲಿನ ತಡೆಗಳು ಸಾವಿರಗಟ್ಟಲೆ ಇದ್ದಾವೆ, ಅಲ್ಲಿ ಯುಎಸ್‌ಜಿಎಸ್ ಅನ್ನೋ ಅಮೆರಿಕ ಸರ್ಕಾರದ ಭೂವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದಾಗ ಪ್ರವಾಹದ ರಭಸ ತಗ್ಗಿತ್ತು, ಆದ್ರೆ ಒಟ್ಟು ಹರಿದ ನೀರು ಪಕ್ಕದ ತಡೆಯಿಲ್ಲದ ತೊರೆಗಿಂತ ಜಾಸ್ತಿನೇ ಇತ್ತು. ಕೆಳಗಿನ ಊರೋರು ನಮ್ಮ ನೀರು ತಡೀತೀರಿ ಅಂತ ಜಗಳಕ್ಕೆ ಬಂದಾಗ ನಾನು ಮೊದಲು ಹೇಳೋದು ಇದನ್ನೇ.

ಕಟ್ಟೋ ಕ್ರಮ ಹೇಳ್ತೀನಿ. ಮೇಸ್ತ್ರಿಗಳು ಇಟ್ಕೊಂಡಿರ್ತಾರಲ್ಲ ನೀರಿನ ಟ್ಯೂಬ್ ಲೆವೆಲ್, ಅದು ತಗೊಂಡು ಸರುವಿನ ಇಳಿಜಾರು ನೋಡ್ರಿ. ನೂರಡಿ ಉದ್ದಕ್ಕೆ ಮೂರಡಿ ಇಳಿದ್ರೆ, ನಿಮ್ಮ ತಡೆ ಒಂದೂವರೆ ಅಡಿ ಎತ್ತರ ಅಂದ್ರೆ ಐವತ್ತಡಿಗೆ ಒಂದು ಹಾಕಬೇಕು. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡಕ್ಕೆ ಸಮ ಇರಬೇಕು, ಲೆಕ್ಕ ಮರೆತರೂ ಇದೊಂದು ಮರೀಬೇಡಿ. ಕೆಲಸ ಶುರು ಮಾಡೋದು ಮೇಲಿಂದ. ತಳದಲ್ಲಿ ಒಂದಡಿ ಪಾಯ ತೆಗೀರಿ, ಎರಡೂ ದಡದೊಳಗೆ ಎರಡಡಿ ಕಲ್ಲು ಹೋಗಿರಬೇಕು, ಇಲ್ಲಾಂದ್ರೆ ನೀರು ಪಕ್ಕದಿಂದ ಸಂದು ಮಾಡ್ಕೊಂಡು ದಡಾನೇ ಕಿತ್ಕೊಂಡು ಹೋಗುತ್ತೆ. ನಡು ಭಾಗ ಅಂಚಿಗಿಂತ ಮುಕ್ಕಾಲು ಅಡಿ ತಗ್ಗಿರಬೇಕು, ನೀರು ನಡುವೆಯೇ ಹಾಯಬೇಕು. ಕೆಳಗಡೆ ನೀರು ಬೀಳೋ ಜಾಗಕ್ಕೆ ಚಪ್ಪಟೆ ಕಲ್ಲು ಹಾಸ್ರಿ. ದೊಡ್ಡ ಕಲ್ಲು ಕೆಳಮುಖಕ್ಕೆ, ಚಿಕ್ಕದು ಮೇಲ್ಮುಖಕ್ಕೆ. ಗುಂಡುಕಲ್ಲು ಬೇಡ, ಮೂಲೆ ಇರೋ ಒಡೆದ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಜೋಡಿಸಿದ ಮೇಲೆ ಒಂದೊಂದು ಕಲ್ಲಿನ ಮೇಲೂ ಬರಿಗಾಲಲ್ಲಿ ನಿಂತು ಭಾರ ಆಚೀಚೆ ಹಾಕ್ರಿ, ಅಲ್ಲಾಡಿದ್ರೆ ತೆಗೆದು ತಿರುಗಿಸಿ ಮತ್ತೆ ಇಡ್ರಿ, ನಮ್ಮಲ್ಲಿ ಇದನ್ನ ಮಾಡ್ತಿದ್ದಿದ್ದು ನಮ್ಮ ಅತ್ತಿಗೆ, ಅವರು ಕಾಲಿಟ್ಟು ಸರಿ ಅಂದ ತಡೆ ಯಾವುದೂ ಇವತ್ತಿಗೂ ಕದಲಿಲ್ಲ. ಇನ್ನೊಂದು, ಕಲ್ಲು ಬೇಕು ಅಂತ ಅದೇ ಸರುವಿನ ತಳದ ಕಲ್ಲನ್ನ ಕೀಳಬೇಡಿ, ಅದೇ ಅಲ್ಲಿ ಉಳಿದಿರೋ ಕೊನೇ ತಡೆ. ಹೊಲದಲ್ಲಿ ಆರಿಸಿ ಬದುವಿಗೆ ಹಾಕಿರೋ ಕಲ್ಲು ತನ್ನಿ.

ಖರ್ಚು ಅಂದ್ರೆ ಕೂಲಿ ಮತ್ತೆ ಟ್ರ್ಯಾಕ್ಟರ್ ಬಾಡಿಗೆ ಅಷ್ಟೇ, ಹತ್ತಡಿ ಅಗಲದ ಸರುವಿಗೆ ನಾಲ್ಕು ಜನ ಒಂದೂವರೆ ದಿನದ ಕೆಲಸ. ತೊಂದರೆ ಏನಂದ್ರೆ ಒಂದು ತಡೆ ಏನೂ ಮಾಡಲ್ಲ, ಹತ್ತು ಇಪ್ಪತ್ತು ಸಾಲಾಗಿ ಬೇಕು, ಹಳ್ಳ ಮೂವತ್ತು ನಲವತ್ತಡಿ ಅಗಲ ಆದಮೇಲೆ ಇದು ನಿಲ್ಲಲ್ಲ, ನೀರು ಕಣ್ಣಿಗೆ ಕಾಣೋ ಹಂಗೆ ನಿಲ್ಲದೇ ಇರೋದ್ರಿಂದ ಊರೋರಿಗೆ ನಂಬಿಕೆ ಬರೋಕೆ ಎರಡು ವರ್ಷ ಬೇಕು.

ಸಿಮೆಂಟ್ ಚೆಕ್ ಡ್ಯಾಮ್

ಎಲ್ಲರಿಗೂ ಬೇಕಿರೋದು ಇದು, ಯಾಕಂದ್ರೆ ನೀರು ಕಾಣುತ್ತೆ. ಮೊದಲ ಮಳೆಗೆ ತುಂಬಿ ನಿಂತಾಗ ಊರಿಗೆ ಊರೇ ಬಂದು ನೋಡುತ್ತೆ, ದನಕರು ಕುಡಿಯುತ್ತೆ, ಹತ್ರದ ಬೋರುಗಳಲ್ಲಿ ನೀರು ಏರೋದು ನಿಜ. ನಡು ಹಳ್ಳದಲ್ಲಿ, ಎರಡೂ ಕಡೆ ಗಟ್ಟಿ ದಡ ಇದ್ದು, ತಳದಲ್ಲಿ ಬಂಡೆ ಹತ್ರದಲ್ಲೇ ಸಿಕ್ಕೋ ಕಡೆ ಸರಿಯಾಗಿ ಕಟ್ಟಿದ್ರೆ ಇದು ಬಹಳ ಒಳ್ಳೇ ಕೆಲಸ, ಬೇಡ ಅನ್ನಲ್ಲ ನಾನು.

ಆದ್ರೆ ಲೆಕ್ಕ ಪೂರಾ ಹಾಕ್ರಿ. ಒಂದು, ದುಡ್ಡು ಲಕ್ಷಗಳಲ್ಲಿ ಹೋಗುತ್ತೆ, ಅದೇ ದುಡ್ಡಲ್ಲಿ ಮೇಲಿನ ಸರುವುಗಳಲ್ಲಿ ನೂರಾರು ಕಲ್ಲಿನ ತಡೆ ಆಗುತ್ತೆ. ಎರಡು, ನಮ್ಮ ಬಿಸಿಲಿಗೆ ಬಯಲಲ್ಲಿ ನಿಂತ ನೀರು ವರ್ಷಕ್ಕೆ ಒಂದೂವರೆ ಎರಡು ಮೀಟರ್ ಆವಿ ಆಗುತ್ತೆ, ಅಂದ್ರೆ ನಾಲ್ಕಡಿ ನೀರು ಮೂರು ತಿಂಗಳು ನಿಂತ್ರೆ ಇಂಗೋದು ಬಿಟ್ಟು ಬರೀ ಬಿಸಿಲಿಗೇ ಕಾಲುವಾಸಿಗಿಂತ ಜಾಸ್ತಿ ಹೋಗುತ್ತೆ. ಮೂರು, ಹೂಳು. ಮೇಲೆ ಗುಡ್ಡ ಬೋಳಾಗಿದ್ರೆ ಮೂರ್ನಾಲ್ಕು ಮಳೆಗಾಲಕ್ಕೆ ಡ್ಯಾಮು ಮಣ್ಣು ತುಂಬಿಕೊಳ್ಳುತ್ತೆ, ಅದೂ ನಯ ಮಣ್ಣು ತಳದಲ್ಲಿ ಕೂತ್ರೆ ಗಾರೆ ಹಾಕಿದಂಗೆ ಆಗಿ ನೀರು ಇಂಗೋದೇ ನಿಲ್ಲುತ್ತೆ, ವರ್ಷಾ ವರ್ಷ ಬೇಸಿಗೆಯಲ್ಲಿ ಆ ಹೆಪ್ಪು ಕೆರೆದು ತೆಗೀಬೇಕು, ಅದಕ್ಕೆ ಯಾರ ಹತ್ರಾನೂ ದುಡ್ಡಿರಲ್ಲ. ನಾಲ್ಕು, ಹೂಳನ್ನೆಲ್ಲ ಅಲ್ಲೇ ಬಿಟ್ಟು ಕೆಳಗೆ ಇಳಿಯೋ ನೀರು ಹಗುರಾಗಿ ಬರುತ್ತೆ, ಅದು ಡ್ಯಾಮಿನ ಕೆಳಗಿನ ತಳವನ್ನ ಮತ್ತೆ ಕೊರೆಯುತ್ತೆ.

ನಮ್ಮೂರಲ್ಲಿ ಆಗಿದ್ದು ಹೇಳ್ತೀನಿ. ಹಳ್ಳದ ತಿರುವಿನಲ್ಲೇ ಒಂದು ಚೆಕ್ ಡ್ಯಾಮ್ ಕಟ್ಟಿದ್ರು, ಜಾಗ ಹತ್ರ ಆಗುತ್ತೆ ಟ್ರ್ಯಾಕ್ಟರ್ ಬರೋಕೆ ಅಂತ. ಪಕ್ಕದ ರೆಕ್ಕೆ ಗೋಡೆ ಮೆತ್ತಗಿರೋ ಮಣ್ಣಿನ ದಡದೊಳಗೆ ಮೂರಡಿ ಕೂಡ ಹೋಗಿರಲಿಲ್ಲ. ನಾವು ಹೇಳಿದ್ವಿ, ಎಸ್ಟಿಮೇಟಲ್ಲಿ ಇಷ್ಟೇ ಇರೋದು ಅಂದ್ರು. 2022ರ ಮಳೆಗೆ ಡ್ಯಾಮು ಒಂದು ಬಿರುಕೂ ಬಿಡದೆ ನಿಂತೇ ಇತ್ತು, ನೀರು ಪಕ್ಕದಲ್ಲಿ ದಡ ಸೀಳಿಕೊಂಡು ಹೊಸ ದಾರಿ ಮಾಡ್ಕೊಂಡು ಹೋಯ್ತು, ಅದರ ಜೊತೆ ನಮ್ಮ ದೊಡ್ಡಪ್ಪನ ಹೊಲದ ಮೂಲೆ, ಅಲ್ಲಿದ್ದ ಎರಡು ಹುಣಸೆ ಮರ ಎಲ್ಲಾ ಹೋಯ್ತು. ಇವತ್ತಿಗೂ ಆ ಗೋಡೆ ಒಣ ಜಾಗದಲ್ಲಿ ನಿಂತೈತೆ, ಹಳ್ಳ ಪಕ್ಕದಲ್ಲಿ ಹರಿಯುತ್ತೆ. ಅದಕ್ಕೆ ಹೇಳೋದು, ನೇರ ಹರಿವಿರೋ ಜಾಗ ಆರಿಸ್ರಿ, ತಿರುವಲ್ಲಿ ಬೇಡ, ರೆಕ್ಕೆ ಗೋಡೆ ಗಟ್ಟಿ ಮಣ್ಣು ಸಿಗೋವರೆಗೂ ಹೋಗೈತಾ ಅಂತ ಕಾಂಕ್ರೀಟ್ ಹಾಕೋ ಮುಂಚೆ ಇಳಿದು ನೋಡ್ರಿ, ನಾಚಿಕೊಳ್ಳಬೇಡಿ, ನೆಲ ಹೋಗೋದು ನಿಮ್ಮದು.

ಗೇಬಿಯನ್ ಅಂತ ಬರುತ್ತಲ್ಲ, ತಂತಿ ಬಲೆಯ ಪೆಟ್ಟಿಗೆಯೊಳಗೆ ಕಲ್ಲು ತುಂಬೋದು, ಅದು ಇವೆರಡರ ನಡುವಿನದು. ನೆಲ ಸ್ವಲ್ಪ ಕುಸಿದ್ರೆ ಅದೂ ಬಾಗಿಕೊಂಡು ಕೂರುತ್ತೆ, ಸಿಮೆಂಟಿನಂಗೆ ಸೀಳಲ್ಲ, ನೀರು ಸೋಸಿಕೊಂಡು ಹೋಗುತ್ತೆ. ಇಪ್ಪತ್ತು ಮೂವತ್ತಡಿ ಅಗಲದ ಹಳ್ಳಕ್ಕೆ ಒಳ್ಳೇದು. ತಂತಿ ಒಳ್ಳೇ ಜಿಐ, ಅಂದ್ರೆ ಸತುವಿನ ಲೇಪ ಇರೋದು, ಇರಬೇಕು, ಕಟ್ಟೋ ಕೈ ಪಳಗಿರಬೇಕು, ಮತ್ತೆ ತಂತಿ ಕತ್ತರಿಸ್ಕೊಂಡು ಹೋಗೋರ ಕಾಟ ಇರೋ ಊರಲ್ಲಿ ಬೇಡ.

ಜೆಸಿಬಿ ತಂದು ಹಳ್ಳ ಅಗಲ ಮಾಡೋದು

ತಾಸಿಗೆ ಸಾವಿರ ಚಿಲ್ಲರೆ, ಎರಡು ದಿನದಲ್ಲಿ ಕೆಲಸ ಮುಗೀತು, ಹಳ್ಳ ಕ್ಲೀನಾಗಿ ಕಾಣುತ್ತೆ. ದಯವಿಟ್ಟು ಮಾಡಬೇಡಿ. ಕೆರೆ ಹೂಳು ತೆಗೆಯೋದು ಬೇರೆ, ಹಳ್ಳದ ಹೂಳು ತೆಗೆಯೋದು ಬೇರೆ. ಸೂಳೆಕೆರೆಯಂಥ ಕೆರೆ ನೀರು ತುಂಬಿಡೋಕೆ ಕಟ್ಟಿದ್ದು, ಅಲ್ಲಿ ಹೂಳು ತೆಗೆದ್ರೆ ಜಾಗ ಆಗುತ್ತೆ. ಹಳ್ಳದಲ್ಲಿ ಮರಳೇ ಹಳ್ಳದ ಹೊಟ್ಟೆ. ಅಂಕುಡೊಂಕು ತೆಗೆದು ನೇರ ಮಾಡಿದ್ರೆ ಅದೇ ಇಳಿಜಾರು ಕಡಿಮೆ ಉದ್ದದಲ್ಲಿ ಇಳೀಬೇಕಾಗುತ್ತೆ, ನೀರಿಗೆ ವೇಗ ಬರುತ್ತೆ, ಕೊರೆತ ಡಬಲ್ ಆಗುತ್ತೆ, ಮಡುಗಳೆಲ್ಲ ಹೋಗ್ತವೆ, ಆ ಮಡುವಲ್ಲಿ ಬೇಸಿಗೆ ಕಳೀತಿದ್ದ ಮೀನು ಕಪ್ಪೆ ಎಲ್ಲಾ ಹೋಗ್ತವೆ. ಸೇತುವೆ ಬಾಯಿಗೆ, ಪೈಪ್ ಬಾಯಿಗೆ ಕಸ ಕಟ್ಟಿದ್ರೆ ಮಾತ್ರ ಜೆಸಿಬಿ ಕರೆಸ್ರಿ. ಹೂಳು ತೆಗೆಯೋ ನೆಪದಲ್ಲಿ ಮರಳು ಸಾಗಿಸೋ ಮಾತು ಬಂದ್ರೆ ಅದು ಕೇಸ್ ಆಗೋ ವಿಷಯ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಬೋರಿನ ನೀರನ್ನೇ ಲಾರಿಗೆ ತುಂಬಿಸಿ ಕಳಿಸಿದಂಗೆ.

ಮರಳೊಳಗೆ ನೀರು ಹಿಡಿಯೋದು

ಇನ್ನೂ ಮರಳು ಉಳಿದಿರೋ ಅದೃಷ್ಟವಂತ ಹಳ್ಳ ನಿಮ್ಮದಾದ್ರೆ ಇದನ್ನ ಯೋಚನೆ ಮಾಡ್ರಿ. ಹಳ್ಳಕ್ಕೆ ಅಡ್ಡ ಮರಳಿನೊಳಗೆ ಗಟ್ಟಿ ನೆಲ ಸಿಕ್ಕೋವರೆಗೆ ಕಂದಕ ತೋಡಿ ಜಿಗುಟು ಮಣ್ಣು ತುಂಬಿ ದಮ್ಮಸ್ಸು ಮಾಡೋದು, ಇಲ್ಲಾ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಮುಚ್ಚೋದು. ಮೇಲೆ ಏನೂ ಕಾಣಲ್ಲ, ಆದ್ರೆ ಮರಳೊಳಗೆ ಮೆಲ್ಲಗೆ ಜಾರಿ ಹೋಗ್ತಿದ್ದ ನೀರು ಅಲ್ಲೇ ನಿಲ್ಲುತ್ತೆ. ಒಳ್ಳೇ ದಪ್ಪ ಮರಳಲ್ಲಿ ನಾಲ್ಕನೇ ಒಂದು ಭಾಗದಷ್ಟು ನೀರು ಕೂರುತ್ತೆ, ಎರಡಡಿಗಿಂತ ಕೆಳಗೆ ಹೋದ ನೀರಿಗೆ ಬಿಸಿಲು ಹೆಚ್ಚು ತಾಗಲ್ಲ. ಕೀನ್ಯಾದ ಕಿಟುಯಿ, ಮಚಾಕೋಸ್ ಕಡೆ ಮರಳು ತುಂಬಿಕೊಳ್ಳಲಿ ಅಂತಲೇ ಗೋಡೆ ಕಟ್ಟಿ ಇದೇ ಉಪಾಯದಲ್ಲಿ ಊರೂರಿಗೆ ಕುಡಿಯೋ ನೀರು ಮಾಡ್ಕೊಂಡಿದಾರೆ. ನಮಗೆ ಇದು ಹೊಸದೇನಲ್ಲ, ಪಾವಗಡ ಮಧುಗಿರಿ ಕಡೆ ತಲಪರಿಗೆ ಅನ್ನೋ ಒರತೆ, ನಮ್ಮ ಕಡೆ ಚಿಲುಮೆ, ಎಲ್ಲಾ ನಿಂತಿದ್ದಿದ್ದು ಈ ಮರಳಿನ ನೀರಿನ ಮೇಲೆ. ಖರ್ಚು ಚೆಕ್ ಡ್ಯಾಮಿಗಿಂತ ಬಹಳ ಕಡಿಮೆ, ಹೂಳೆತ್ತೋ ಕೆಲಸ ಇಲ್ಲ. ಒಂದೇ ಶರತ್ತು, ಊರು ಒಟ್ಟಾಗಿ ಮರಳು ಕಾಯಬೇಕು. ಕಾಯೋಕೆ ಆಗಲ್ಲ ಅಂದ್ರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಳ್ಳಾರಿ ಜಾಲಿ ತೆಗೆಯೋದು, ಗಿಡ ನೆಡೋದು

ಇವೆರಡೂ ಬೇರೆ ಬೇರೆ ಅಲ್ಲ, ಜೊತೆಗೇ ಆಗಬೇಕು, ಬೇರೆ ಮಾಡಿದ್ದಕ್ಕೆ ನಾವು ದಂಡ ಕಟ್ಟಿದ್ದೀವಿ. ಹಳ್ಳದ ಎರಡೂ ದಡ ಈಗ ಬಳ್ಳಾರಿ ಜಾಲಿ, ಒಳಗೆ ಮನುಷ್ಯ ಹೋಗೋಕಾಗಲ್ಲ, ಬೇರೆ ಗಿಡ ಏಳೋಕೆ ಬಿಡಲ್ಲ. ನಮ್ಮ ಚಿಕ್ಕಪ್ಪ ಒಂದು ಏಪ್ರಿಲಲ್ಲಿ ಎರಡೂ ದಡದ ಜಾಲಿ ಒಟ್ಟಿಗೆ ಬುಡಸಮೇತ ಎಬ್ಬಿಸಿದ್ರು, ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ನಾವೆಲ್ಲಾ ಹೋಗಿ ಫೋಟೋ ತೆಗೆದಿದ್ವಿ, ಸೆಪ್ಟೆಂಬರಲ್ಲಿ ಹಳ್ಳ ಬಂದಾಗ ಹಿಡಿಯೋಕೆ ಒಂದು ಬೇರಿಲ್ಲದೆ ದಡ ಹೆಂಟೆ ಹೆಂಟೆಯಾಗಿ ಕಳಚಿ ಬಿತ್ತು. ಕೆಟ್ಟ ಗಿಡವೇ ಆದ್ರೂ ದಡ ಹಿಡಿದಿದ್ದು ಅದೇ. ಈಗ ನಾವು ಮಾಡೋದು ಹಿಂಗೆ, ಒಂದು ದಡದಲ್ಲಿ ಐವತ್ತಡಿ ತೆಗೆದು ಐವತ್ತಡಿ ಬಿಡ್ತೀವಿ, ತೆಗೆದ ಕಡೆ ಅದೇ ಮಳೆಗಾಲದಲ್ಲಿ ನೆಡ್ತೀವಿ, ಅದು ಬೇರು ಬಿಟ್ಟಮೇಲೆ ಮುಂದಿನದು. ಇದ್ದಿಲಿಗೆ ಕಡಿಯೋರಿಗೆ ಸುಮ್ಮನೆ ಬಿಟ್ಟುಕೊಟ್ರೆ ಬುಡ ಬಿಟ್ಟು ಕಡೀತಾರೆ, ಒಂದಕ್ಕೆ ಎಂಟು ಕವಲು ಚಿಗುರುತ್ತೆ, ಅಡಿ ಆಳಕ್ಕೆ ಬುಡ ಅಗೆದು ಕಿತ್ರೆ ಮಾತ್ರ ಹೋಗೋದು. ಕಾಯಿ ತಿಂದ ದನ ಕುರಿ ಸಗಣಿ ಹಿಕ್ಕೆಯಲ್ಲಿ ಬೀಜ ಬರ್ತಾನೇ ಇರುತ್ತೆ, ವರ್ಷಕ್ಕೊಂದು ಸಲ ಸಸಿ ಕೀಳೋ ಕೆಲಸ ತಪ್ಪಲ್ಲ.

ನೆಡೋದಾದ್ರೆ ನರ್ಸರಿಯಲ್ಲಿ ಕೊಟ್ಟಿದ್ದೆಲ್ಲಾ ನೆಡಬೇಡಿ. ನೀರು ತಾಗೋ ಅಂಚಿಗೆ ಲಾವಂಚ, ಅರ್ಧ ಅಡಿಗೊಂದು ಸಾಲಾಗಿ, ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುತ್ತೆ, ಆದ್ರೆ ಮೊದಲ ವರ್ಷ ನೀರು ಹಾಕಬೇಕು. ಅದರ ಮೇಲೆ ಲಕ್ಕಿ, ಕಡ್ಡಿ ನೆಟ್ರೆ ಬರುತ್ತೆ, ಕುರಿ ಮೇಕೆ ಬಾಯಿ ಹಾಕಲ್ಲ, ನಮ್ಮ ಕಡೆಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ದಡದ ಮೇಲೆ ಹೊಂಗೆ, ಅದನ್ನೂ ಮೇಕೆ ಹೆಚ್ಚು ಮುಟ್ಟಲ್ಲ. ಒರತೆ ತೇವ ಇರೋ ಕಡೆ ಮಾತ್ರ ಹೊಳೆಮತ್ತಿ, ನೇರಳೆ, ಅತ್ತಿ. ಈಚಲು ತಾನಾಗೇ ಬಂದಿದ್ರೆ ಕಡೀಬೇಡಿ. ಮೇಲ್ಗಡೆ ಬೇಲಿಗೆ ಕತ್ತಾಳೆ. ಬರೀ ಗಿಡ ನೆಟ್ರೆ ಕೊರೆದ ಹಳ್ಳ ಸರಿ ಹೋಗುತ್ತಾ ಅಂದ್ರೆ ಹೋಗಲ್ಲ, ತಳ ಇಳೀತಾ ಇದ್ರೆ ಬೇರಿಗೆ ನೀರೇ ಸಿಗಲ್ಲ, ಮೊದಲು ಕಲ್ಲು ಹಾಕಿ ತಳ ನಿಲ್ಲಿಸಿ ಆಮೇಲೆ ಗಿಡ.

ಸುಮ್ಮನೆ ಬಿಡೋದು

ಯಾರೂ ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ದಡದ ಎರಡೂ ಕಡೆ ಮೂವತ್ತಡಿ ಎರಡು ಮಳೆಗಾಲ ಮೇಯಿಸದೆ ಬಿಟ್ಟು ನೋಡ್ರಿ. ಗರಿಕೆ ತಾನಾಗೇ ಹಬ್ಬುತ್ತೆ, ಲಕ್ಕಿ ಚಿಗುರುತ್ತೆ. ಅಮೆರಿಕದ ನೆವಾಡಾದಲ್ಲಿ ಎಲ್ಕೋ ಹತ್ರ ಸೂಸಿ ಕ್ರೀಕ್ ಅನ್ನೋ ತೊರೆ ನಮ್ಮ ಹಳ್ಳದಂಗೇ ಬೋಳಾಗಿತ್ತು, ಅಲ್ಲಿ ದನ ಬಿಡೋ ಕಾಲ ಬದಲಾಯಿಸಿದ್ರು, ಬೇಸಿಗೆ ಪೂರ್ತಿ ಅಲ್ಲೇ ನಿಲ್ಲದಂಗೆ ಮಾಡಿದ್ರು, ದಡದಲ್ಲಿ ಹಸಿರು ಬಂತು, ಆಮೇಲೆ ಬೀವರ್ ಪ್ರಾಣಿಗಳು ತಾವೇ ಬಂದು ಕಟ್ಟೆ ಕಟ್ಟಿ ಮಡು ಮಾಡಿದ್ವು. ನಮ್ಮಲ್ಲಿ ಬೀವರ್ ಇಲ್ಲ, ಆ ಕೆಲಸ ನಾವು ಕಲ್ಲಲ್ಲಿ ಮಾಡಬೇಕು, ಆದ್ರೆ ಮೊದಲರ್ಧ ಹಂಗೇ ನಡೆಯುತ್ತೆ. ಜಗಳೂರು ತಾಲ್ಲೂಕಲ್ಲಿ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಧಾಮ ಐತಲ್ಲ, 2011ರಲ್ಲಿ ಘೋಷಣೆ ಆಗಿದ್ದು, ಕುರುಚಲು ಕಾಡು ಉಳಿಸಿಕೊಂಡ್ರೆ ನಮ್ಮ ಒಣ ನೆಲ ಏನನ್ನೆಲ್ಲ ಸಾಕುತ್ತೆ ಅನ್ನೋದಕ್ಕೆ ಆ ಕಡೆ ಒಮ್ಮೆ ಹೋಗಿ ನೋಡ್ರಿ.

ಕಷ್ಟ ಏನಂದ್ರೆ ಕುರಿ ಕಾಯೋರ ಹೊಟ್ಟೆಪಾಡು. ಅವರನ್ನ ಬಿಟ್ಟು ಬೇಲಿ ಹಾಕಿದ್ರೆ ಒಂದು ತಿಂಗಳೂ ನಿಲ್ಲಲ್ಲ, ನಿಲ್ಲಬಾರದು ಕೂಡ. ನಾವು ಅವರನ್ನೇ ಕೂರಿಸಿಕೊಂಡು ಕೇಳಿದ್ವಿ, ಅವರು ಹೇಳಿದ್ದು ಒಂದೇ, ನೀರಿಗಿಳಿಯೋ ದಾರಿ ಬಿಡ್ರಿ ಅಂತ. ಒಂದು ಕಡೆ ಇಪ್ಪತ್ತಡಿ ಅಗಲ ಕಲ್ಲು ಹಾಸಿ ದಾರಿ ಬಿಟ್ವಿ, ಕೊಯ್ಯೋ ಹುಲ್ಲಲ್ಲಿ ಪಾಲು ಅಂತ ಮಾತಾಯ್ತು. ಮೂರನೇ ವರ್ಷ ಆ ಜಾಗದಲ್ಲಿ ಬೆಳಿಗ್ಗೆ ಹೊತ್ತು ಮಿಂಚುಳ್ಳಿ ಕೂತಿದ್ದನ್ನ ಮೊದಲು ನೋಡಿ ನನಗೆ ಫೋನ್ ಮಾಡಿದ್ದು ಕುರಿ ಕಾಯೋ ಹುಡುಗನೇ, ಅಣ್ಣ ನೀಲಿ ಹಕ್ಕಿ ಬಂದೈತೆ ಬಾ ಬಾ ಅಂತ.

ಹಂಗಾದ್ರೆ ನಿಮಗ್ಯಾವುದು

ಎರಡು ಮೂರು ಎಕರೆ ಇದ್ದು ದಡ ಕುಸೀತಾ ಐತೆ, ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಐತೆ ಅನ್ನೋರು ಚೆಕ್ ಡ್ಯಾಮಿನ ಆಸೆ ಬಿಡ್ರಿ. ಹೊಲದಿಂದ ಹಳ್ಳಕ್ಕೆ ಇಳಿಯೋ ಸಣ್ಣ ಕೊರಕಲುಗಳಿಗೆ ಕಲ್ಲಿನ ತಡೆ ಹಾಕ್ರಿ, ದಡಕ್ಕೆ ಲಾವಂಚ ಲಕ್ಕಿ, ಉಳಿದ ದುಡ್ಡು ಮೊದಲ ಬೇಸಿಗೆಯ ನೀರಿಗೆ ಇಟ್ಕೊಳ್ರಿ.

ಬೋರಿಗೆ ನೀರು ಬೇಕು, ಅದೊಂದೇ ಅನ್ನೋರು ಅಕ್ಕಪಕ್ಕದ ಐದಾರು ಜಮೀನಿನೋರು ಸೇರಿ ನಡು ಹಳ್ಳದಲ್ಲಿ ಮರಳಿದ್ರೆ ನೆಲದೊಳಗಿನ ತಡೆ, ಮರಳಿಲ್ಲದೆ ಗಟ್ಟಿ ದಡ ಇದ್ರೆ ಚೆಕ್ ಡ್ಯಾಮು. ಆದ್ರೆ ಮೇಲಿನ ಸರುವಲ್ಲಿ ಕಲ್ಲಿನ ತಡೆ ಇಲ್ಲದೆ ಕೆಳಗೆ ಚೆಕ್ ಡ್ಯಾಮು ಕಟ್ಟಿಸಬೇಡಿ, ಹೂಳಿನ ಡಬ್ಬಿ ಆಗುತ್ತೆ. ನಮ್ಮ ಕೋಟೆ ಕಟ್ಟಿದೋರಿಗೆ ಇದು ಗೊತ್ತಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ, ಹಂಗೆ ಮೇಲಿಂದ ಒಂದೊಂದೇ ಮೆಟ್ಟಿಲು ನೀರನ್ನ ಇಳಿಸಿದ್ದಾರೆ.

ಪಂಚಾಯ್ತಿ ಮಟ್ಟದಲ್ಲಿ ಕೂಲಿ ಕೆಲಸದ ದುಡ್ಡು ಸಿಗುತ್ತೆ ಅನ್ನೋ ಊರೋರು ಅದನ್ನ ಪೂರಾ ಗುಡ್ಡದ ಬುಡದ ಸರುವುಗಳಿಗೆ ಹಾಕ್ರಿ, ಒಂದು ಸರುವು ಹಿಡಿದು ತಲೆಯಿಂದ ಬುಡದವರೆಗೆ ಮುಗಿಸಿ ಇನ್ನೊಂದಕ್ಕೆ ಹೋಗ್ರಿ, ಓಣಿಗೊಂದು ಅಂತ ಹಂಚಿದ್ರೆ ಯಾವುದೂ ನಿಲ್ಲಲ್ಲ. ದುಡ್ಡೇ ಇಲ್ಲ, ಮನಸ್ಸಿದೆ ಅನ್ನೋರಿಗೆ ಮೇಯಿಸೋದು ನಿಲ್ಲಿಸೋದು ಮತ್ತೆ ಒಂದೇ ಕಲ್ಲೆತ್ತರದ ಹಾಸು, ಇವೆರಡಕ್ಕೂ ಬೇಕಿರೋದು ಭಾನುವಾರಗಳು ಅಷ್ಟೇ.

ಕಲ್ಲಿನ ಕೆಲಸ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ ಮೇ ಒಳಗೆ ಮುಗಿಸ್ರಿ. ಗಿಡ ಜೂನಲ್ಲೇ ಆತುರ ಪಡಬೇಡಿ, ನಮ್ಮ ಕಡೆ ಜೂನ್ ಮಳೆ ನಂಬೋಕಾಗಲ್ಲ, ಆಗಸ್ಟ್ ಕೊನೆಗೆ ನೆಟ್ರೆ ಹಸ್ತ ಚಿತ್ತೆ ಮಳೆ ಬೇರಿಗೆ ಸಿಗುತ್ತೆ. ಮೊದಲ ಸಲ ಹಳ್ಳ ಬಂದ ಮಾರನೇ ಬೆಳಿಗ್ಗೆ ಗುದ್ದಲಿ, ಹಾರೆ ತಗೊಂಡು ಮೇಲಿನ ತಡೆಯಿಂದ ಕೆಳಗಿನದರವರೆಗೆ ನಡೀರಿ, ಕಸ ಎಲ್ಲಿ ಸಿಕ್ಕಿಕೊಂಡೈತೆ ನೋಡಿದ್ರೆ ನೀರು ಎಷ್ಟೆತ್ತರ ಬಂದಿತ್ತು ಗೊತ್ತಾಗುತ್ತೆ, ಪಕ್ಕದಿಂದ ಸಂದು ಬಿದ್ದಿದ್ರೆ ಅವತ್ತೇ ಕಲ್ಲು ತುರುಕಿ ಮಣ್ಣು ಗಿಡೀರಿ. ದಡದ ಆ ಹಳೇ ಹೊಂಗೆ ಮರದ ಬೇರಿಂದ ತಳಕ್ಕೆ ಎಷ್ಟಡಿ ಅಂತ ಟೇಪ್ ಹಿಡಿದು ಅಳೆದು ಬರೆದಿಡ್ರಿ. ನಮ್ಮದು ಶುರು ಮಾಡಿದಾಗ ಐದಡಿ ಎಂಟಿಂಚು ಇತ್ತು, ಹೋದ ದೀಪಾವಳಿಗೆ ಅಳೆದಾಗ ನಾಲ್ಕಡಿ ಒಂದಿಂಚು.